ತುಂಬುವ ಬಾಯಿ ಮೊದಲು ತೆರೆಯಲಿ

ಮನೆಯ ಮಿಕ್ಸಿ ಕೆಟ್ಟು ನಿಂತರೆ ನೀವೇನು ಮಾಡುತ್ತೀರಿ? ಎರಡು ಸಲ ಸ್ವಿಚ್ ಒತ್ತಿ ನೋಡುತ್ತೀರಿ. ಮೂರನೆಯ ಸಲ ಅಂಗೈಯಿಂದ ಒಂದು ಪೆಟ್ಟು ಕೊಡುತ್ತೀರಿ. ಆಮೇಲೆ "ಇವರು ಬರಲಿ" ಎಂದು ಬದಿಗಿಡುತ್ತೀರಿ. ಅದೇ ಹೊಲಿಗೆ ಯಂತ್ರವಾದರೆ ಹಾಗಲ್ಲ. ಯಾವ ತೂತಿಗೆ ಎಷ್ಟು ಹನಿ ಎಣ್ಣೆ ಬಿಡಬೇಕು, ಯಾವ ಸದ್ದು ಬಂದರೆ ಎಲ್ಲಿ ನೋಡಬೇಕು ಎಂದು ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಕಣ್ಣು ಮುಚ್ಚಿಯೂ ಗೊತ್ತು. ಎರಡೂ ಯಂತ್ರಗಳೇ. ಒಂದನ್ನು ಕೈಯಿಂದ ಮುಟ್ಟಿ ಕಲಿತೆವು, ಇನ್ನೊಂದು ನಮ್ಮದಲ್ಲ ಎಂದು ಬಿಟ್ಟೆವು. ವ್ಯತ್ಯಾಸ ಅಷ್ಟೇ.

ಪ್ರಿಯ ಸಹೋದರಿಯರೇ, ನಾನು ಇಂದು ಹೇಳಹೊರಟಿರುವುದು ಮಿಕ್ಸಿಯ ವಿಷಯವಲ್ಲ. ಒಂದು ಸ್ಪೋರ್ಟ್ಸ್ ಕಾರಿನ ಡಿಫರೆನ್ಷಿಯಲ್ ಎಣ್ಣೆಯನ್ನು ಮನೆಯ ಗ್ಯಾರೇಜಿನಲ್ಲೇ ಬದಲಿಸಿದ ವಿಷಯ. ನಗಬೇಡಿ. ಅಡುಗೆ ಎಣ್ಣೆಯ ಹೊರತು ಬೇರೆ ಎಣ್ಣೆಯ ಗೊಡವೆಗೆ ಹೋಗದ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಈ ಕೆಲಸಕ್ಕೆ ಯಾಕೆ ಕೈಹಾಕಿದೆ ಎಂದು ಹೇಳಿದರೆ, ಇದು ಬರೀ ಕಾರಿನ ಕಥೆಯಲ್ಲ ಎಂದು ನಿಮಗೂ ಅನಿಸಬಹುದು.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಇದು ಕಾರುಗಳ ಊರು. ನನ್ನ ಪತಿ ಕಾರುಗಳಿಗೆ ಬೇಕಾದ ತಂತ್ರಾಂಶ ಬರೆಯುವವರು. ಆದರೆ ಕಾರಿನ ಕೆಳಗೆ ಮಲಗಿ ನೋಡಿದವರಲ್ಲ. ನಮ್ಮ ಹಿರಿಯ ಮಗ ಎರಡು ಬೇಸಿಗೆ ರಜೆಯಲ್ಲಿ ದಿನಸಿ ಅಂಗಡಿಯಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕಾರು ಕೊಂಡ. ಮಾಜ್ದಾ ಕಂಪೆನಿಯ ಎಂಎಕ್ಸ್-5, 2001ರ ಮಾದರಿ. ಇಲ್ಲಿ ಅದನ್ನು ಮಿಯಾಟಾ ಎನ್ನುತ್ತಾರೆ. 1989ರಲ್ಲಿ ಮೊದಲ ಬಾರಿಗೆ ಬಂದ, ಮೇಲ್ಛಾವಣಿ ಮಡಚಿಡಬಹುದಾದ ಪುಟ್ಟ ಕಾರು. ಕೂರಲು ಎರಡೇ ಸೀಟು.

ಆ ಎರಡು ಸೀಟೇ ಜಗಳಕ್ಕೆ ಕಾರಣವಾಯಿತು. "ಐದು ಜನರ ಮನೆಯಲ್ಲಿ ಇಬ್ಬರು ಕೂರುವ ಕಾರು ಯಾರಿಗೆ? ಇದರ ಖರ್ಚಿಗೆ ನನ್ನ ಹತ್ತಿರ ಒಂದು ಡಾಲರ್ ಕೇಳಬೇಡ" ಎಂದರು ಇವರು. "ಕೇಳುವುದಿಲ್ಲ" ಎಂದ ಮಗ. ಅಲ್ಲಿಗೆ ಇಬ್ಬರ ನೇರ ಮಾತು ನಿಂತಿತು. "ನಿನ್ನ ಮಗನಿಗೆ ಹೇಳು, ಹತ್ತು ಗಂಟೆಯೊಳಗೆ ಮನೆಗೆ ಬರಬೇಕು" ಎಂದು ಇವರು. "ಉಪ್ಪನಿಗೆ ಹೇಳಿ, ನನಗೆ ನಾಳೆ ಪರೀಕ್ಷೆ ಇದೆ" ಎಂದು ಅವನು. ಒಂದೇ ಊಟದ ಮೇಜಿನಲ್ಲಿ ಕುಳಿತು, ಎರಡು ಮೊಳ ದೂರದ ಮಾತು ನನ್ನ ಮೂಲಕ ಹೋಗಿಬರುತ್ತಿತ್ತು. ಇಂತಹ ದಿನಗಳನ್ನು ನಿಮ್ಮಲ್ಲಿ ಎಷ್ಟು ತಾಯಂದಿರು ಕಂಡಿಲ್ಲ?

ಇವರ ಮಾತಿನಲ್ಲಿ ಹುರುಳಿರಲಿಲ್ಲ ಎಂದಲ್ಲ. ಕಾಲೇಜಿನ ಖರ್ಚು ಎದುರಿಗಿತ್ತು. ಬೃಹತ್ ಟ್ರಕ್ಕುಗಳು ಓಡುವ ಹೆದ್ದಾರಿಯಲ್ಲಿ ನೆಲಕ್ಕಂಟಿದಂತಿರುವ ಕಾರು ಎಂದರೆ ಯಾವ ತಂದೆಗೂ ಭಯವೇ. ಆದರೆ ಭಯ ಕೋಪದ ವೇಷದಲ್ಲಿ ಬಂದರೆ ಮಕ್ಕಳಿಗೆ ಕಾಣುವುದು ಕೋಪ ಮಾತ್ರ.

ಹಳೆಯ ಕಾರು ಕೊಂಡವರು ಮೊದಲು ಮಾಡಬೇಕಾದ ಕೆಲಸ ಅದರ ಎಣ್ಣೆಗಳನ್ನೆಲ್ಲ ಬದಲಿಸುವುದಂತೆ. ಹಿಂದಿನವರು ಯಾವಾಗ ಬದಲಿಸಿದ್ದರೋ, ಬದಲಿಸಿಯೇ ಇರಲಿಲ್ಲವೋ ಯಾರಿಗೆ ಗೊತ್ತು? ಎಂಜಿನ್ ಎಣ್ಣೆಯನ್ನು ಮಗ ಸುಲಭದಲ್ಲಿ ಮುಗಿಸಿದ. ಡಿಫರೆನ್ಷಿಯಲ್ ಎಣ್ಣೆಗೆ ಒಂದು ವರ್ಕ್‌ಶಾಪಿನಲ್ಲಿ 140 ಡಾಲರ್ ಕೇಳಿದರು. ಅವನ ಕೈಯಲ್ಲಿ ಅಷ್ಟಿರಲಿಲ್ಲ, ಉಪ್ಪನ ಹತ್ತಿರ ಕೇಳುವಂತಿರಲಿಲ್ಲ. "ನಾನೇ ಮಾಡುತ್ತೇನೆ, ಉಮ್ಮಾ. ಟಾರ್ಚ್ ಹಿಡಿಯಲು ಒಬ್ಬರು ಬೇಕು" ಎಂದ. ನಾನು ಒಪ್ಪಿದೆ. ಅವನೊಬ್ಬನೇ ಕಾರಿನಡಿ ಮಲಗುವುದನ್ನು ಅಡುಗೆಮನೆಯಲ್ಲಿ ನಿಂತು ಊಹಿಸುವುದಕ್ಕಿಂತ ಪಕ್ಕದಲ್ಲಿ ಕೂರುವುದೇ ಮೇಲು ಎನಿಸಿತು.

ಅದಕ್ಕೂ ಮೊದಲು ಈ ಡಿಫರೆನ್ಷಿಯಲ್ ಎಂದರೇನೆಂದು ನನಗೆ ತಿಳಿಯಬೇಕಿತ್ತು. ಕೇಳಿದ ಕೂಡಲೇ ನೆನಪಾದದ್ದು ನನ್ನ ಉಪ್ಪನ ಲಾರಿ. ಮಂಗಳೂರಿನಿಂದ ಹಂಚು ಹೇರಿಕೊಂಡು ಶಿರಾಡಿ ಘಾಟ್ ಹತ್ತಿ ಹಾಸನಕ್ಕೆ ಹೋಗುತ್ತಿದ್ದ ಲಾರಿಯ ಹಿಂದಿನ ಎರಡು ಚಕ್ರಗಳ ನಡುವೆ ಒಂದು ದಪ್ಪ ಕಬ್ಬಿಣದ ಗುಂಡು ಇರುತ್ತಿತ್ತು. ಲಾರಿಯ ಹಿಂದೆ ನಿಂತು ಬಗ್ಗಿ ನೋಡಿದರೆ ನಿಮಗೂ ಕಾಣುತ್ತದೆ. ಅದೇ ಡಿಫರೆನ್ಷಿಯಲ್.

ಅದರ ಕೆಲಸವೇನು? ಭತ್ತ, ಜೋಳ ತುಳಿಸುವ ಕಣವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಡುವಿನ ಮೇಟಿಯ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಒಳಗಿನದ್ದು ನಿಧಾನವಾಗಿ ಹೆಜ್ಜೆ ಹಾಕುತ್ತದೆ, ಹೊರಗಿನದ್ದು ಬಿರಬಿರನೆ ನಡೆಯಬೇಕು. ಯಾಕೆಂದರೆ ಹೊರಗಿನ ಸುತ್ತು ದೊಡ್ಡದು. ಕಾರು ತಿರುವಿನಲ್ಲಿ ತಿರುಗುವಾಗಲೂ ಹಾಗೆಯೇ. ಈ ಕಾರಿನಲ್ಲಿ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್. ಕಾರು ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9 ಮೀಟರ್ ಹೆಚ್ಚು ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದಿಟ್ಟರೆ ಒಂದು ಚಕ್ರ ನೆಲಕ್ಕೆ ಉಜ್ಜುತ್ತದೆ, ಟೈರು ಸವೆಯುತ್ತದೆ, ಕೊನೆಗೆ ಒಳಗಿನದ್ದೇನಾದರೂ ಮುರಿಯುತ್ತದೆ. ಹಾಗಾಗದಂತೆ ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳು ಎರಡು ಬದಿಗೂ ಸಮನಾದ ಬಲ ಕೊಡುತ್ತವೆ, ವೇಗವನ್ನು ಮಾತ್ರ ಅವರವರ ದಾರಿಗೆ ಬಿಡುತ್ತವೆ. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೋರ್ 1820ರ ದಶಕದಲ್ಲೇ ಇಂತಹ ಒಂದು ವ್ಯವಸ್ಥೆಗೆ ಪೇಟೆಂಟ್ ಪಡೆದಿದ್ದ. ಆಗ ಪೆಟ್ರೋಲ್ ಕಾರು ಎಂಬುದೇ ಇರಲಿಲ್ಲ!

ಮಗ ಇದನ್ನು ಕಾಗದದ ಮೇಲೆ ಬರೆದು ತೋರಿಸುತ್ತಿದ್ದಾಗ ನನಗೆ ನಮ್ಮ ಊಟದ ಮೇಜು ನೆನಪಾಯಿತು. ಬಲ ಇಬ್ಬರಿಗೂ ಸಮ, ವೇಗ ಬೇರೆ ಬೇರೆ. ತಂದೆ ಮಗ ಇಬ್ಬರನ್ನೂ ಒಂದೇ ಸರಳಿಗೆ ಬಿಗಿಯಲು ಹೋದರೆ ಏನಾದೀತು ಎಂದು ಬೇರೆ ಹೇಳಬೇಕೇ?

ಈ ಹಲ್ಲುಚಕ್ರಗಳು ಒಂದರ ಮೇಲೊಂದು ಬರೀ ಉರುಳುವುದಿಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ. ಮಾಮೂಲು ಎಣ್ಣೆಯಾದರೆ ಆ ಜಾರಿಕೆಗೆ ಒರೆಸಿಹೋಗುತ್ತದೆ. ಅದಕ್ಕೆಂದೇ ಗಂಧಕ ಮತ್ತು ರಂಜಕದ ಅಂಶ ಸೇರಿಸಿದ ಗೇರ್ ಎಣ್ಣೆ ಇದೆ. ಡಬ್ಬಿಯ ಮೇಲೆ ಜಿಎಲ್-5 ಎಂದಿರುತ್ತದೆ. ಮುಚ್ಚಳ ತೆರೆದರೆ ಮೂಗು ಮುಚ್ಚಿಕೊಳ್ಳಬೇಕು, ಅಂತಹ ವಾಸನೆ. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಇದನ್ನು ಹಾಕಬಾರದು, ಒಳಗಿನ ಹಿತ್ತಾಳೆಯ ಭಾಗಗಳು ಹಾಳಾಗಬಹುದು. ಎಂಜಿನ್‌ಗಾದರೆ ಎಣ್ಣೆ ಸೋಸುವ ಫಿಲ್ಟರ್ ಇದೆ. ಡಿಫರೆನ್ಷಿಯಲ್‌ಗೆ ಅದೂ ಇಲ್ಲ. ಸವೆದ ಲೋಹದ ಪುಡಿಯೆಲ್ಲ ಎಣ್ಣೆಯಲ್ಲೇ ತಿರುಗುತ್ತಿರುತ್ತದೆ. ಆದ್ದರಿಂದಲೇ ಆಗೊಮ್ಮೆ ಈಗೊಮ್ಮೆ ಬದಲಿಸಬೇಕು. ಅಂದಹಾಗೆ ನಿಮ್ಮ ಮನೆಯಲ್ಲಿ ಆಲ್ಟೋ, ಸ್ವಿಫ್ಟ್‌ನಂತಹ ಕಾರಿದ್ದರೆ ಈ ಗುಂಡನ್ನು ಹುಡುಕಬೇಡಿ. ಮುಂದಿನ ಚಕ್ರ ತಿರುಗಿಸುವ ಕಾರುಗಳಲ್ಲಿ ಅದು ಗೇರ್‌ಬಾಕ್ಸಿನೊಳಗೇ ಸೇರಿಕೊಂಡಿರುತ್ತದೆ. ಅಂಬಾಸಿಡರ್, ಓಮ್ನಿ, ಜೀಪು ಇದ್ದವರು ಹಿಂದೆ ಬಗ್ಗಿ ನೋಡಬಹುದು.

ಸುದ್ದಿ ತಿಳಿದು ಪುತ್ತೂರಿನಿಂದ ನನ್ನ ತಂಗಿ ಫೋನ್ ಮಾಡಿದಳು. "ಅಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲವಾ? ನಿನಗ್ಯಾಕೆ ಗಂಡಸರ ಕೆಲಸ?" ಎಂದಳು. ನಾನು ಅವಳಿಗೆ ಬೆರ್ತಾ ಬೆನ್ಜ್ ಎಂಬ ಮಹಿಳೆಯ ಕಥೆ ಹೇಳಿದೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಈ ತಾಯಿ, ಪತಿ ಕಾರ್ಲ್ ಬೆನ್ಜ್ ತಯಾರಿಸಿದ ಮೂರು ಚಕ್ರದ ಕಾರಿನಲ್ಲಿ 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತನ್ನ ತಾಯಿಮನೆಗೆ ಹೊರಟಳು. ದಾರಿ 100 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಅದುವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಬ್ರೇಕು ಸವೆದಾಗ ಅದಕ್ಕೆ ಚರ್ಮ ಹೊಡೆಸಿದಳು. ಆ ಕಾರಿನಲ್ಲೂ ಡಿಫರೆನ್ಷಿಯಲ್ ಇತ್ತು! "ಮೊತ್ತಮೊದಲ ದೂರದ ಪ್ರಯಾಣವೇ ಒಬ್ಬ ತಾಯಿಯದ್ದು. ಮತ್ತೆ ಗಂಡಸರ ಕೆಲಸ ಆದದ್ದು ಯಾವಾಗ?" ಎಂದೆ. ತಂಗಿ ನಕ್ಕು, "ಹುಷಾರಾಗಿ ಮಾಡು ಮಾರಾಯ್ತಿ" ಎಂದಳು.

ಹುಷಾರು ಎಂಬುದು ಇಲ್ಲಿ ಬಾಯಿಮಾತಿನದ್ದಲ್ಲ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ, ಯಾವ ಕಾರಣಕ್ಕೂ ಹೋಗಬಾರದು. ಜ್ಯಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಹೊರುವುದಕ್ಕೆ ಉಕ್ಕಿನ ಸ್ಟ್ಯಾಂಡ್‌ಗಳೇ ಬೇರೆ. ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಈ ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವನ್ನು ಎತ್ತಿದ ಮೇಲೆ ಹ್ಯಾಂಡ್‌ಬ್ರೇಕಿನಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ಮುಂದಿನ ಚಕ್ರಗಳಿಗೆ ಮೊದಲೇ ಅಡೆ ಕೊಡಬೇಕು. ಘಾಟಿಯಲ್ಲಿ ಲಾರಿ ನಿಂತ ಕೂಡಲೇ ಕ್ಲೀನರ್ ಹುಡುಗ ಜಿಗಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದುದು ಯಾಕೆಂದು ನನಗೆ ಈಗ ಸರಿಯಾಗಿ ಅರ್ಥವಾಯಿತು. ಎಣ್ಣೆಯ ಮಟ್ಟ ಸರಿಯಾಗಿ ತಿಳಿಯಲು ಕಾರು ಹಿಂದೆ ಮುಂದೆ ಒಂದೇ ಎತ್ತರದಲ್ಲಿರಬೇಕು. ಹಾಗಾಗಿ ನಾಲ್ಕು ಸ್ಟ್ಯಾಂಡ್ ಬೇಕಾಯಿತು. ಮೊದಲು ಕಾರನ್ನು ಕಾಲು ಗಂಟೆ ಓಡಿಸಿ ಬಂದೆವು. ಬೆಚ್ಚಗಾದ ಎಣ್ಣೆ ಬೇಗ ಇಳಿಯುತ್ತದೆ. ಆದರೆ ಹೊಗೆ ಕೊಳವೆಯ ಬಿಸಿ ಆರುವವರೆಗೆ ಕಾಯಬೇಕು. ನಾನು ಶಿರವಸ್ತ್ರದ ತುದಿಗಳನ್ನು ಒಳಗೆ ಸಿಕ್ಕಿಸಿ, ತೋಳು ಬಿಗಿದುಕೊಂಡು, ಕೈಗವಸು, ಕನ್ನಡಕ ಹಾಕಿಕೊಂಡೆ.

ಡಿಫರೆನ್ಷಿಯಲ್‌ಗೆ ಎರಡು ಪ್ಲಗ್‌ಗಳಿವೆ. ಮೇಲಿನದ್ದು ಎಣ್ಣೆ ತುಂಬುವುದಕ್ಕೆ, ಕೆಳಗಿನದ್ದು ಇಳಿಸುವುದಕ್ಕೆ. ಈ ಕೆಲಸ ಬಲ್ಲವರೆಲ್ಲ ಹೇಳುವ ಮೊದಲ ಪಾಠ ಒಂದೇ. ಮೊದಲು ತುಂಬುವ ಪ್ಲಗ್ ತೆರೆಯಿರಿ, ಆಮೇಲೆಯೇ ಇಳಿಸುವುದನ್ನು ಮುಟ್ಟಿ. ಯಾಕೆಂದು ಯೋಚಿಸಿ. ಹಳೆಯ ಎಣ್ಣೆಯೆಲ್ಲ ಇಳಿಸಿ ಆದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ? ಹೊಸ ಎಣ್ಣೆ ತುಂಬಲು ದಾರಿಯಿಲ್ಲ. ಎಣ್ಣೆಯಿಲ್ಲದ ಕಾರನ್ನು ಓಡಿಸುವಂತಿಲ್ಲ. ಹಳೆಯದೋ ಕೊಳಕೋ, ಇದ್ದ ಎಣ್ಣೆಯೂ ಹೋಯಿತು!

ಮಿಷಿಗನ್‌ನ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾರಿನ ತಳವನ್ನು ತಿನ್ನುತ್ತದೆ. ನಮ್ಮ ಮೇಲಿನ ಪ್ಲಗ್ ಕದಲಲೇ ಇಲ್ಲ. ಮಗನ ಮುಖ ಕೆಂಪಾಯಿತು. ಸುತ್ತಿಗೆ ಎತ್ತಲು ಹೊರಟ. "ಇವತ್ತು ಇಷ್ಟು ಸಾಕು" ಎಂದೆ. ತುಕ್ಕು ಬಿಡಿಸುವ ದ್ರವ ಸಿಂಪಡಿಸಿ ರಾತ್ರಿಯಿಡೀ ಹಾಗೆಯೇ ಬಿಟ್ಟೆವು. ಕೆಳಗಿನ ಪ್ಲಗ್ ಮುಟ್ಟಿರಲಿಲ್ಲವಾದ್ದರಿಂದ ಕಾರಿಗೇನೂ ಆಗಲಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ಗಟ್ಟಿಯಾಗಿ ಕೂತರೆ ನಾವು ಏನು ಮಾಡುತ್ತೇವೆ? ಒಡೆಯುತ್ತೇವೆಯೇ? ಬಿಸಿನೀರು ಸುರಿದು ಕಾಯುತ್ತೇವೆ. ಕಾಯುವ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಮತ್ತೆ ಗ್ಯಾರೇಜಿನಲ್ಲಿದ್ದಾಗ ಒಳಬಾಗಿಲು ತೆರೆಯಿತು. ಇವರು ಚಹಾದ ಲೋಟ ಹಿಡಿದು ನಿಂತಿದ್ದರು. ಕಾರನ್ನು, ಅದರಡಿಯಿಂದ ಚಾಚಿದ್ದ ಮಗನ ಕಾಲನ್ನು ನೋಡಿದರು. ಲೋಟ ಕೆಳಗಿಟ್ಟು ಬಂದು ನಾಲ್ಕೂ ಸ್ಟ್ಯಾಂಡ್‌ಗಳನ್ನು ಒಂದೊಂದಾಗಿ ಬಗ್ಗಿ ಪರೀಕ್ಷಿಸಿದರು. "ಇದು ಸರಿಯಾಗಿ ಕೂತಿದೆಯಾ?" ಎಂದು ಕೇಳಿದರು. ನನ್ನನ್ನಲ್ಲ.

ಒಂದು ಗಳಿಗೆ ಸುಮ್ಮನಿದ್ದು ಕಾರಿನಡಿಯಿಂದ ಉತ್ತರ ಬಂತು. "ಕೂತಿದೆ, ಉಪ್ಪ. ಅಲ್ಲಾಡಿಸಿ ನೋಡಿಯೇ ಕೆಳಗೆ ಬಂದದ್ದು."

"ಹೊರಗೆ ಬಾ. ಇನ್ನೊಮ್ಮೆ ನೋಡೋಣ."

ಮಗ ಹೊರಗೆ ಬಂದ. ಇಬ್ಬರೂ ಸೇರಿ ಕಾರನ್ನು ಆ ಬದಿಯಿಂದ ಈ ಬದಿಗೆ ತಳ್ಳಿ ನೋಡಿದರು. ಅದು ಕದಲಲಿಲ್ಲ. ಆಮೇಲೆ ಇವರು ಒಂದು ಉದ್ದದ ಕಬ್ಬಿಣದ ಕೊಳವೆ ಹುಡುಕಿ ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿದರು. ಹಿಡಿ ಉದ್ದವಾದಷ್ಟೂ ಬಲ ಕಡಿಮೆ ಸಾಕು. ಮಗ ಒಂದೇ ಹದದಲ್ಲಿ ಎಳೆದ. 'ಟಕ್' ಎಂದು ಸದ್ದಾಗಿ ಮೇಲಿನ ಪ್ಲಗ್ ಬಿಟ್ಟುಕೊಟ್ಟಿತು. ಯಾರೂ ಏನೂ ಹೇಳಲಿಲ್ಲ. ಇವರು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಕಾರಿನ ಪಕ್ಕ ನೆಲದ ಮೇಲೆ ಕುಳಿತರು.

ಉಳಿದದ್ದು ಸುಲಭ. ಕೆಳಗಿನ ಪ್ಲಗ್ ತೆರೆದಾಗ ಕಪ್ಪು ಎಣ್ಣೆ ತಟ್ಟೆಗೆ ಇಳಿಯಿತು. ಪ್ಲಗ್ಗಿನ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪು ಲೇಪ ಅಂಟಿಕೊಂಡಿತ್ತು. ಅದು ಸಹಜ ಸವೆತ. ಹಲ್ಲಿನ ಚೂರುಗಳೇ ಸಿಕ್ಕಿದರೆ ಮಾತ್ರ ಚಿಂತೆ. ಒರೆಸಿ, ಹೊಸ ವಾಷರ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದೆವು. ಈ ಕಾರಿಗೆ ಬೇಕಾದದ್ದು 1 ಲೀಟರ್. ಇಲ್ಲಿನ ಬಾಟಲಿಯಲ್ಲಿರುವುದು 946 ಮಿಲಿಲೀಟರ್. ಆದ್ದರಿಂದ ಎರಡು ಬಾಟಲಿ ತಂದಿಟ್ಟಿದ್ದೆವು. ಮೇಲಿನಿಂದ ಸುರಿಯಲು ಜಾಗವಿಲ್ಲ, ಸಣ್ಣ ಕೈಪಂಪಿನಿಂದ ಒತ್ತಬೇಕು. ಒತ್ತುವ ಕೆಲಸ ನನ್ನದಾಯಿತು. ಮಗ ಕೊಳವೆ ಹಿಡಿದ, ಇವರು ಬೆಳಕು ಹಿಡಿದರು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವಲ್ಲ, ಇಲ್ಲಿ ಹಾಗಲ್ಲ. ತುಂಬುವ ತೂತಿನ ಅಂಚಿನಿಂದ ಎಣ್ಣೆ ತೆಳ್ಳಗೆ ಹೊರಗೆ ತುಳುಕಿದರೇ ತುಂಬಿತು ಎಂದರ್ಥ. "ಬಂತು, ಬಂತು, ನಿಲ್ಲಿಸು" ಎಂದು ಇಬ್ಬರೂ ಒಟ್ಟಿಗೆ ಕೂಗಿದರು!

ಹಳೆಯ ಎಣ್ಣೆಯನ್ನು ಚರಂಡಿಗೂ ಮಣ್ಣಿಗೂ ಸುರಿಯಬಾರದು. ಒಂದು ಸಲದ ಎಂಜಿನ್ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಇಲ್ಲಿನ ಪರಿಸರ ಇಲಾಖೆ ಎಚ್ಚರಿಸುತ್ತದೆ. ನಾವು ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಮರುಬಳಕೆಗೆ ಪಡೆಯುವ ಬಿಡಿಭಾಗಗಳ ಅಂಗಡಿಗೆ ಕೊಟ್ಟೆವು. ಊರಿನಲ್ಲಿದ್ದವರು ಪರಿಚಯದ ಗ್ಯಾರೇಜಿನವರ ಬಳಿ ವಿಚಾರಿಸಿ, ಹಿತ್ತಲಿನ ಬಾವಿಯನ್ನು ನೆನಪಿಡಿ.

ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ಜ್ಯಾಕ್, ಸ್ಟ್ಯಾಂಡ್, ಪಂಪು ಎಲ್ಲ ಸೇರಿಸಿದರೆ ಮೊದಲ ಸಲ ನಮಗೆ ಹಣ ಉಳಿಯಲಿಲ್ಲ. ಉಳಿತಾಯವೇನಿದ್ದರೂ ಮುಂದಿನ ಸಲದಿಂದ. ಮನೆಯಲ್ಲೂ ಎಲ್ಲವೂ ಬದಲಾಯಿತು ಎಂದು ಹೇಳಲಾರೆ. ಇವರಿಗೆ ಇಂದಿಗೂ ಆ ಕಾರು ಇಷ್ಟವಿಲ್ಲ. ಹೆದ್ದಾರಿಗೆ ತೆಗೆದುಕೊಂಡು ಹೋದರೆ ಇವರ ಮುಖ ಗಂಟಿಕ್ಕುತ್ತದೆ. ಆದರೆ "ಹೆದ್ದಾರಿಗೆ ಹೋಗಬೇಡ, ನನಗೆ ಭಯವಾಗುತ್ತದೆ" ಎಂದು ಈಗ ಅವನಿಗೇ ಹೇಳುತ್ತಾರೆ. ಭಯವನ್ನು ಭಯವೆಂದೇ ಹೇಳುತ್ತಾರೆ. ನನ್ನ ಮೂಲಕ ಹೋಗುವ ಮಾತು ಕಡಿಮೆಯಾಗಿದೆ.

ಸಹೋದರಿಯರೇ, ನೀವೆಲ್ಲ ಕಾರಿನಡಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆ ಮೊದಲ ಪಾಠ ಮನೆಗೂ ಸಲ್ಲುತ್ತದೆ. ಮಗನೊಡನೆ, ಸೊಸೆಯೊಡನೆ, ಪತಿಯೊಡನೆ ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನೆಲ್ಲ ಒಮ್ಮೆ ಸುರಿದುಬಿಡಬೇಕು ಎನಿಸುವ ದಿನ ಎಲ್ಲರಿಗೂ ಬರುತ್ತದೆ. ಸುರಿಯುವುದು ಸುಲಭ, ಕೆಳಗಿನ ಪ್ಲಗ್ ಒಂದೇ ಎಳೆತಕ್ಕೆ ಬಿಡುತ್ತದೆ. ಅದನ್ನು ಮುಟ್ಟುವ ಮೊದಲು, ಮತ್ತೆ ತುಂಬುವ ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಕೂತಿದ್ದರೆ ಸುತ್ತಿಗೆ ಎತ್ತಬೇಡಿ. ನಾಲ್ಕು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.